ಸೂಜಿ ಕತ್ತರಿಸುವ ಬೀರಯ್ಯ

ಕಲ್ಯ ಎಂಬ ಊರಿನ ಬೀರಯ್ಯ ಕುರಿ ತುಪ್ಪಟ ಕತ್ತರಿಸುವುದರಲ್ಲಿ ಎತ್ತಿದ ಕೈ. ತೊಂಬತ್ತರ ದಶಕದಲ್ಲಿ ಊರವರೆಲ್ಲ ಹಿಪ್ಪುನೇರಳೆ ನೆಟ್ಟಾಗ ಅವನ ಮನೆಯಲ್ಲೂ ಕುರಿ ಹೋಗಿ ರೇಷ್ಮೆಹುಳು ಬಂದವು. ಹುಳುಗಳ ಯಜಮಾನಿಕೆ ಹೆಂಡತಿ ಸರಸಮ್ಮನದು. ಕತ್ತರಿಗೆ ಕೆಲಸವಿಲ್ಲದ ಬೀರಯ್ಯ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಅಟೆಂಡರಾದ. ಭಾನುವಾರ ಊರಿಗೆ ಬರುತ್ತಿದ್ದ.

ಅಲ್ಲಿ ಚಿನ್ನದ ಮೇಲೆ ಹರಡಿದ ಅಣುಗಳ ಚಿತ್ರ ತೆಗೆಯುವ ಯಂತ್ರವಿತ್ತು. ಒಂದು ಸೂಜಿ, ಇನ್ನೇನು ಚಿನ್ನಕ್ಕೆ ತಾಗಿತು ಅನ್ನುವಷ್ಟು ಹತ್ತಿರ ಸರಿದಾಡಿ ಉಬ್ಬುತಗ್ಗು ಅರಿಯುತ್ತಿತ್ತು. ತಂತಿ ಕತ್ತರಿಸಿ ಆ ಸೂಜಿ ಮಾಡಬೇಕು. ತುದಿಯಲ್ಲಿ ಒಂದೇ ಪರಮಾಣು ಉಳಿಯಬೇಕು. ಸಂಶೋಧನೆಗೆ ಸೇರಿದ್ದ ರಾಮನಗರದ ಇಸ್ಮತ್ ವಾರದಲ್ಲಿ ನಲವತ್ತು ತುಂಡು ಕತ್ತರಿಸಿದ್ದಳು. ಚಿತ್ರವೆಲ್ಲ ಮಂಜು ಮಂಜು.

"ಒಸಿ ಇತ್ಲಾಗೆ ಕೊಡವ್ವ," ಎಂದು ಬೀರಯ್ಯ ಕಟಿಂಗ್ ಪ್ಲೇಯರ್ ಇಸಿದುಕೊಂಡ. ತಂತಿಗೆ ಓರೆಯಾಗಿ ಹಿಡಿದು, ಕತ್ತರಿಸುತ್ತಲೇ ಎಳೆದ. "ಕಚ್ಬುಟ್ಟು ನಿಲ್ಲಬಾರ್ದು, ಕಚ್ತಾನೇ ಎಳೀಬೇಕು. ತುಪ್ಪಟಾನೂ ಹಂಗೇಯ."

ಅಂದು ಮಧ್ಯಾಹ್ನ ಅಣುಗಳು ಸಾಲಾಗಿ ಕಂಡವು. ಮಾರನೆಯ ದಿನ ಪ್ರೊಫೆಸರರೇ ಎದ್ದುಹೋಗಿ ಅಟೆಂಡರಿಗೆ ಕಾಫಿ ತಂದರು.

ಎರಡು ತಿಂಗಳು ಕಳೆದ ಮೇಲೆ ಅಂಥ ಒಂದು ಚಿತ್ರವನ್ನು ಬೀರಯ್ಯ ಊರಿಗೆ ಒಯ್ದು ಸರಸಮ್ಮನ ಮುಂದೆ ಹಿಡಿದ.

"ಯಾರ ಮನೆ ಹುಳ ಇವು? ಪೊರೆ ಕಳಚಕ್ಕೆ ಕೂತಂಗವೆ."

"ಹುಳ ಅಲ್ಲ ಕಣೆ, ಅಣು. ಚಿನ್ನದ ಮ್ಯಾಲೆ ಮಲಗವೆ."

"ಚಿನ್ನದ ಮ್ಯಾಲಾ? ಸೊಪ್ಪು ಯಾರು ಹಾಕ್ತಾರೆ?"

"ಇವಕ್ಕೆ ಸೊಪ್ಪೇ ಬ್ಯಾಡ."

"ಹಂಗಾರೆ ನಾನೂ ಇದೇ ತಳೀನೇ ಸಾಕ್ತೀನಿ, ಒಂದಷ್ಟು ಮೊಟ್ಟೆ ತಗಂಬಾ." ಆಮೇಲೆ ಬೆರಳಿಟ್ಟಳು. "ಈ ಮೂಲೇವು ಮಾತ್ರ ಅಡ್ಡಡ್ಡ ತಿರುಗವೆ ನೋಡು. ಬ್ಯಾರೆ ಜಾತಿ ಸೇರ್ಕಂಡೈತೆ."

ಸೋಮವಾರ ಬೀರಯ್ಯ ಇದನ್ನು ನಗೆಮಾತಾಗಿ ಹೇಳಿದ. ಇಸ್ಮತ್ ನಗಲಿಲ್ಲ. ಮೂಲೆಯನ್ನು ಹಿಗ್ಗಿಸಿ ನೋಡಿದಳು. ಬೇರೊಂದು ಅಣು ನಿಜಕ್ಕೂ ಬೆರೆತಿತ್ತು. ಎರಡು ತಿಂಗಳಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮುಂದಿನ ಭಾನುವಾರ ಅವಳು ಹನ್ನೆರಡು ಚಿತ್ರ ಹಿಡಿದು ಕಲ್ಯದಲ್ಲಿ ಬಸ್ಸಿಳಿದಳು. ಸರಸಮ್ಮ ಅವನ್ನು ಪಕ್ಕಕ್ಕಿಟ್ಟು ಅವಳ ಕೈಗೆ ಸೊಪ್ಪು ತುಂಬುವ ಬಿದಿರಿನ ಮಂಕರಿ ಕೊಟ್ಟಳು.

"ನಿನ್ನವು ಹೊಟ್ಟೆ ಹಸ್ದು ಸಾಯಕ್ಕಿಲ್ಲ ಕಣವ್ವ. ಮೊದ್ಲು ಇವಕ್ಕೆ ಸೊಪ್ಪು ಕೊಯ್ಕಂಬಾ."

ಸಂಜೆ ಬಸ್ಸು ಹತ್ತುವಾಗ ಇಸ್ಮತ್‌ಳ ಬೆರಳೆಲ್ಲ ಹಸಿರು. ಏಳು ಚಿತ್ರಗಳಿಗೆ ಸರಸಮ್ಮನ ತೀರ್ಪು ಸಿಕ್ಕಿತ್ತು. ಉಳಿದ ಐದಕ್ಕೆ ಇನ್ನೂ ಎರಡು ಮಂಕರಿ ಸೊಪ್ಪು ಬೇಕಂತೆ.