ಒಂದು ತಂತಿ ಕಳಚಿದ ವೀಣೆ

ಕೋವಿಡ್ ಗಲಾಟೆ ಮುಗಿದ ಮರುವರ್ಷ. ಆರ್.ಟಿ. ನಗರದ ಒಂದು ಸಂಗೀತ ಶಾಲೆಯಲ್ಲಿ ನಾನು ಹಿರಿಯ ವೀಣಾ ಶಿಕ್ಷಕಿ. ನಿವೃತ್ತಿ ಹತ್ತಿರವಿತ್ತು. ಈ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಜಾಣತನ ಎಂದು ಸಹೋದ್ಯೋಗಿಗಳು ಬುದ್ಧಿ ಹೇಳುತ್ತಿದ್ದರು. ನನಗೆ ಅದು ಯಾವತ್ತೂ ಒಗ್ಗಿದ್ದಲ್ಲ.

ಬಾಗಲಕೋಟೆ ಕಡೆಯ ಶಿವಲೀಲಾ ನನ್ನ ಮನೆಗೆ ಪಾಠಕ್ಕೆ ಬರುತ್ತಿದ್ದಳು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ, ಮೂವತ್ತು ದಾಟಿದ ವಯಸ್ಸು, ದಪ್ಪ ಬೆರಳುಗಳು. ನುಡಿಸಲು ಕೂತರೆ ಅಡುಗೆಮನೆಯಲ್ಲಿದ್ದ ನನ್ನ ಗಂಡ ಒಲೆ ಆರಿಸಿ ಬಂದು ನಿಲ್ಲುತ್ತಿದ್ದರು. ಸೀನಿಯರ್ ಪರೀಕ್ಷೆ ಪಾಸಾದರೆ ಅಮೃತಹಳ್ಳಿಯ ಶಾಲೆಯೊಂದು ಅವಳನ್ನು ಸಂಗೀತ ಟೀಚರ್ ಆಗಿ ತೆಗೆದುಕೊಳ್ಳಲು ಒಪ್ಪಿತ್ತು. ಆದರೆ ಅವಳು ಎರಡು ಸಲ ಫೇಲಾಗಿದ್ದಳು. ಎರಡು ಸಲವೂ ಒಂದೇ ಷರಾ: ‘ಮೀಟಿನಲ್ಲಿ ಸ್ಪಷ್ಟತೆಯಿಲ್ಲ.’ ಮೂರನೆಯ ಸಲವೂ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆ ಶಾಲೆಯವರು ಹೇಳಿಬಿಟ್ಟರು.

ನಮ್ಮ ಸಂಗೀತ ಶಾಲೆಯೇ ಪರೀಕ್ಷಾ ಕೇಂದ್ರ. ಇಲ್ಲಿ ಎಲ್ಲರೂ ಶಾಲೆಯ ವೀಣೆಯನ್ನೇ ನುಡಿಸಬೇಕು. ಆಟೋದಲ್ಲಿ ವೀಣೆ ಇಟ್ಟುಕೊಂಡು ಹೆಬ್ಬಾಳದ ಫ್ಲೈಓವರ್ ದಾಟುವ ಕಷ್ಟ ತಪ್ಪಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ ಅನುಕೂಲ ಅದು. ಬರಬರುತ್ತಾ ನಿಯಮವೇ ಆಗಿಹೋಗಿತ್ತು.

ಮನೆಯಲ್ಲಿ ನನ್ನ ವೀಣೆಯ ಮೇಲೆ ಸ್ಪಷ್ಟವಾಗಿ ಮೀಟುವವಳು ಅಲ್ಲೇಕೆ ತಪ್ಪುತ್ತಾಳೆ ಎಂದು ನಾನು ಸ್ಕೇಲ್ ಹಿಡಿದು ಎರಡೂ ವೀಣೆ ಅಳೆದೆ. ನುಡಿಸುವ ನಾಲ್ಕು ತಂತಿಗಳ ನಡುವೆ ನನ್ನ ವೀಣೆಯಲ್ಲಿ ಹತ್ತು ಮಿಲಿಮೀಟರ್ ಅಂತರ, ಶಾಲೆಯದರಲ್ಲಿ ಬರೀ ಏಳು. ತೆಳ್ಳನೆ ಬೆರಳಿಗೆ ಏಳು ಒಳ್ಳೆಯದೇ, ಕೈ ಬೇಗ ಓಡುತ್ತದೆ. ದಪ್ಪ ಬೆರಳು ಮಾತ್ರ ಒಂದು ತಂತಿ ಮೀಟುವಾಗ ಪಕ್ಕದ್ದನ್ನೂ ಸವರುತ್ತದೆ. ಅಯ್ಯೋ, ಎರಡು ಸಲವೂ ಇವಳ ಕೈಯನ್ನೇ ಬೈದರಲ್ಲ!

ನನ್ನ ವೀಣೆ ತರಲು ಅನುಮತಿ ಕೇಳಿದೆ. ಪರೀಕ್ಷಕರು ಒಪ್ಪಲಿಲ್ಲ. “ಎಲ್ಲರಿಗೂ ಒಂದೇ ವಾದ್ಯ ಮೇಡಂ, ಅದೇ ನ್ಯಾಯ.”

“ಎಲ್ಲರಿಗೂ ಒಂದೇ ಸೈಜಿನ ಚಪ್ಪಲಿ ಕೊಟ್ಟು ಓಡಿ ಅನ್ನೋದು ಯಾವ ಸೀಮೆ ನ್ಯಾಯ ರೀ?” ಎಂದೆ. ಅವರು ಕಾಫಿ ಲೋಟ ಎತ್ತಿಕೊಂಡರು.

ವಿಷಯ ತಿಳಿಸಿ ಶಿವಲೀಲಾಳನ್ನೇ ಕೇಳಿದೆ. “ಗಾಯನಕ್ಕೆ ಬದಲಾಯಿಸ್ಕೋತೀಯೇನೇ?”

“ಯಾಕ್ರೀ ಮೇಡಂ? ಬೆರಳು ಕೆತ್ತಾಕ ಬರಂಗಿಲ್ಲ. ತಂತಿ ಸರಿಸಾಕ ಬರತೈತಿ ಅಲ್ರೀ?”

ಪರೀಕ್ಷೆಯ ದಿನ ಅವಳದೇ ಕೊನೆಯ ಸರದಿ. ಉಳಿದವರೆಲ್ಲ ಮುಗಿಸಿದ ಮೇಲೆ ನಾನು ಚೀಲದಿಂದ ಲೋಹ ಉಜ್ಜುವ ಸಣ್ಣ ಅರ ತೆಗೆದು, ಪರೀಕ್ಷಕರ ಎದುರಿಗೇ ಶಾಲೆಯ ವೀಣೆಯ ಮುಂದೆ ಕೂತೆ. ನಾಲ್ಕನೆಯ ತಂತಿ ಕಳಚಿದೆ. ತಂತಿ ಹಾಯುವ ಕುದುರೆಯ ಅಂಚಿನಲ್ಲಿ ತಂತಿ ಜಾರದಂತೆ ಹಿಡಿಯುವ ಗೀರುಗಳಿರುತ್ತವೆ. ನಾಲ್ಕನೆಯದರ ಗೀರಿಗೆ ಮೂರನೆಯ ತಂತಿಯನ್ನು ಸರಿಸಿದೆ. ಎರಡನೆಯದಕ್ಕೆ ನಡುವೆ ಒಂದು ಹೊಸ ಗೀರು ಉಜ್ಜಿದೆ. ಈಗ ಅಂತರ ಹತ್ತೂವರೆ ಮಿಲಿಮೀಟರ್. ಮೇಲಿನ ಸ್ವರಗಳೆಲ್ಲ ಇವೆ, ತೀರಾ ಕೆಳಗಿನ ಗಂಭೀರ ನಾದ ಮಾತ್ರ ಹೋಯಿತು.

“ಶಾಲೆ ಆಸ್ತಿ ಕಣ್ರೀ ಅದು!” ಪರೀಕ್ಷಕರು ಎದ್ದುನಿಂತರು. “ನಾಲ್ಕು ತಂತಿ ಇಲ್ದಿದ್ರೆ ಅದನ್ನ ವೀಣೆ ಅಂತಾರಾ?”

“ಕಛೇರಿ ನಡುವೆ ನಿಮ್ಮದೊಂದು ತಂತಿ ಕಿತ್ತುಹೋದ್ರೆ ಎದ್ದು ಮನೆಗೆ ಹೋಗ್ತೀರಾ ಸಾರ್? ನೀವು ಹೇಳಿದ ವಾದ್ಯಾನೇ ಇದು. ಕೇಳಿ.”

ಶ್ರುತಿ ಸೇರಿಸಿ ಎದ್ದೆ. ಶಿವಲೀಲಾ ಕೂತು ವರ್ಣ ಶುರುಮಾಡಿದಳು. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸಿತು. ನನ್ನ ಕಣ್ಣು ತುಂಬಿತು, ಮುಚ್ಚಿಡಲಿಲ್ಲ. ಪರೀಕ್ಷಕರಿಗೆ ಮಾತ್ರ ಇನ್ನೂ ಸಿಟ್ಟು. ಬೇಕೆಂದೇ ಕೇಳಿದರು: “ಅನುಮಂದ್ರದ ಪಂಚಮ ತೋರ್ಸಮ್ಮ.” ಅದು ನಾಲ್ಕನೆಯ ತಂತಿಯ ಸ್ವರ.

ಅವಳು ಕೈ ತೆಗೆದು ನೆಟ್ಟಗೆ ಕೂತಳು. “ಆ ತಂತಿ ಇಲ್ರೀ ಸರ್. ಅದರ ಮಾರ್ಕ್ಸ್ ಕಳೀರಿ. ಉಳಿದದ್ದಕ್ಕ ಕೊಡ್ರಿ.”

ಅವರು ಕಳೆದರು. ಉಳಿದದ್ದಕ್ಕೆ ಕೊಡದೆ ಇರಲು ಆಗಲಿಲ್ಲ. ಫಲಿತಾಂಶ ಬಂತು, ಶಿವಲೀಲಾ ಪಾಸು. ಅಮೃತಹಳ್ಳಿಯಲ್ಲಿ ಈಗ ಅವಳು ಮಕ್ಕಳಿಗೆ ಟೀಚರ್.

ಶಾಲೆಯ ಆಡಳಿತ ಮಂಡಳಿ ನನ್ನನ್ನು ಕರೆಸಿತು. ತಪ್ಪಾಯಿತು ಎಂದು ಹೇಳಿದರೆ ಇಲ್ಲಿಗೇ ಬಿಡುತ್ತೇವೆ ಎಂದರು. ನಾಲ್ಕನೆಯ ತಂತಿಯನ್ನು ಅವತ್ತೇ ವಾಪಸ್ ಕಟ್ಟಿದ್ದೇನೆ, ತಪ್ಪಾಯಿತು ಎಂದು ಮಾತ್ರ ಹೇಳುವುದಿಲ್ಲ ಎಂದೆ. ನಾನು ನಿವೃತ್ತಳಾದಾಗ ಬೀಳ್ಕೊಡುಗೆ ಸಮಾರಂಭ ಮಾಡಲಿಲ್ಲ. ಶಾಲು, ಹಾರ ಯಾರಿಗೆ ಬೇಕಿತ್ತು ಬಿಡಿ.

ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಬೆರಳು ಹುಟ್ಟಿನಿಂದ ಬಂದದ್ದು, ಕುದುರೆಯ ಮೇಲಿನ ಗೀರು ಮನುಷ್ಯರು ಹಾಕಿದ್ದು. ಎರಡರಲ್ಲಿ ಯಾವುದನ್ನು ತಿದ್ದಬೇಕು ಎಂದು ಈಗಲೂ ಗೊತ್ತಾಗದವರು ಮನೆಗೆ ಬರಲಿ, ಅರ ನನ್ನ ಹತ್ತಿರವೇ ಇದೆ.