ಬೆಸುಗೆಯಿಲ್ಲದೆ ಕೂತು ಎದ್ದ ಕಾರು

ಮೊನ್ನೆ ಭಾನುವಾರ ನನ್ನ ಹೆಂಡತಿ ಯಾರ ಕೈಯನ್ನೂ ಹಿಡಿಯದೆ ನಮ್ಮ ಅಂಬಾಸಿಡರ್ ಕಾರಿನಲ್ಲಿ ತಾನೇ ಕೂತಳು. ಕೂತು ಹಳಿಯಾಳದ ಮಗಳ ಮನೆಗೆ ಬಂದಳು. ಇದನ್ನು ಮೊದಲು ಬರೆದುಬಿಟ್ಟೆ. ಮನಸ್ಸಿನಲ್ಲಿ ಇಟ್ಟುಕೊಂಡು ಹಿಂದಿನ ಕತೆ ಹೇಳುವ ತಾಳ್ಮೆ ನನಗಿಲ್ಲ. ನಾನು ಮೂರನೇ ಇಯತ್ತೆಯವರೆಗೆ ಕಲಿತವನು, ಅಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ. ಸುದ್ದಿಯಂತೂ ಸರಿಯಾಗಿದೆ.

ಈ ಕಾರನ್ನು ನಾನು ದಾಂಡೇಲಿ, ಹಳಿಯಾಳದ ನಡುವೆ ಬಾಡಿಗೆಗೆ ಓಡಿಸುತ್ತಿದ್ದೆ. ಕಣ್ಣು ಮಂದವಾದ ಮೇಲೆ ಅಂಬೇವಾಡಿಯ ನಮ್ಮ ಮನೆಯ ಪಕ್ಕ ತಗಡಿನ ಕೆಳಗೆ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಮಗನ ಮಗಳು ಸಫಾರಿ ಜೀಪುಗಳ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾಳೆ. ಅವಳೇ ಕೋಳಿಯನ್ನು ಓಡಿಸಿ, ತುಕ್ಕು ಕೆರೆದು, ಎಲೆಹಸಿರು ಬಣ್ಣ ಹೊಡೆದು, ಹೊಸ ಸೀಟು ಹಾಕಿ ಕಾರನ್ನು ಎಬ್ಬಿಸಿದಳು. ಜೊಯಿಡಾ ದಾರಿಯ ಕಲ್ಲು ತಾಗಬಾರದೆಂದು ದೊಡ್ಡ ಗಾಲಿ ಹಾಕಿ, ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನೂ ಎತ್ತರ ಮಾಡಿದಳು. ನೋಡಲು ಭರ್ಜರಿಯಾಗಿತ್ತು.

ಅಷ್ಟರಲ್ಲಿ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಆಪರೇಶನ್ ಆಗಿ ಕೋಲು ಹಿಡಿದು ನಡೆಯುವಂತಾದಳು, ಆದರೆ ಕಾಲೆತ್ತಿ ಎಲ್ಲಿಗೂ ಹತ್ತಲು ಆಗುತ್ತಿರಲಿಲ್ಲ. ಒಮ್ಮೆ ಮಗ ಅವಳನ್ನು ಎತ್ತಿ ಕಾರಿನಲ್ಲಿ ಕೂರಿಸಿದ. ಓಣಿಯವರೆಲ್ಲ ನೋಡುತ್ತಿದ್ದರು.

"ನನ್ನೇನ ಗೋಣಿಚೀಲಾ ಅಂತ ತಿಳದೀರೇನ? ಇನ್ನ ಎತ್ತಿ ಹಾಕೂದಿದ್ರ ನಾ ಎಲ್ಲಿಗೂ ಬರಂಗಿಲ್ಲ" ಎಂದಳು.

ಬರಲೂ ಇಲ್ಲ. ಹಳಿಯಾಳದಲ್ಲಿ ಮಗಳು ಹೊಸ ಮನೆ ಕಟ್ಟಿ ಒಕ್ಕಲಾದಳು, ತಾಯಿ ಹೋಗಲಿಲ್ಲ. ಮಗಳು ಫೋನಿನಲ್ಲಿ ಅಡುಗೆಮನೆ ತೋರಿಸಿದರೆ, ಇವಳು ನೋಡಿ ಫೋನು ನನ್ನ ಕೈಗೆ ಕೊಟ್ಟುಬಿಡುತ್ತಿದ್ದಳು.

ಒಂದು ಮುಂಜಾನೆ ಮೊಮ್ಮಗಳು ಟೇಪು ಹಿಡಿದು ಅಜ್ಜಿ ದಿನಾ ಕೂರುವ ಕುರ್ಚಿಯನ್ನು ಅಳೆದಳು. ಆಮೇಲೆ ಕಾರಿನ ಹಿಂದಿನ ಸೀಟನ್ನು ಅಳೆದಳು.

"ಅಜ್ಜಾ, ಆಯಿನ್ನ ಮ್ಯಾಲೆ ಎತ್ತೂದ ಬ್ಯಾಡ. ಗಾಡಿನ ಕೆಳಗ ಇಳಸೂಣು" ಎಂದಳು. ಅಜ್ಜಿಯನ್ನು ಅವಳು ಆಯಿ ಎಂದೇ ಕರೆಯುವುದು.

ಪಟ್ಟಿಗಳನ್ನು ಕಡಿಮೆ ಮಾಡಿ, ಅವುಗಳ ಮೇಲೆ ಗಾಳಿ ತುಂಬುವ ದಪ್ಪ ರಬ್ಬರ್ ಚೀಲ ಕೂರಿಸುವುದು. ಗಾಳಿ ಬಿಟ್ಟರೆ ಹಿಂಭಾಗ ಇಳಿಯುತ್ತದೆ, ತುಂಬಿದರೆ ಏಳುತ್ತದೆ. ನನಗೆ ತಿಳಿದದ್ದು ಇಷ್ಟು. ಹಾಗಾದರೆ ವೆಲ್ಡಿಂಗ್ ಹೊಡೆಸಿಬಿಡು, ಗಟ್ಟಿ ಇರುತ್ತದೆ ಎಂದೆ.

"ಈ ತಗಡ ನಿನ್ನಂಗ ಹಳೇದಜ್ಜಾ. ಬೆಂಕಿ ತಾಗಿದ್ರ ತೂತ ಬೀಳತೈತಿ. ಬಾಜೂಕ ಪೆಟ್ರೋಲ್ ಟಾಕಿ ಬ್ಯಾರೆ."

"ನನಗೆಲ್ಲಿ ತೂತ ಬಿದ್ದೈತಿ?"

"ಆಯಿನ್ನ ಕೇಳು, ತೋರಸ್ತಾಳ."

ಮುಂಚೆ ಪಟ್ಟಿ ಮೇಲಕ್ಕೆ ಬಡಿಯದಂತೆ ಒಂದು ರಬ್ಬರ್ ತುಂಡು ಇರುತ್ತಿತ್ತಲ್ಲ, ಅದರ ತೂತುಗಳಿಗೇ ಚೀಲದ ಮೇಲಿನ ಕಬ್ಬಿಣದ ತಟ್ಟೆಯನ್ನು ಬೋಲ್ಟು ಹಾಕಿ ಕಚ್ಚಿಸಿದಳು. ಕೆಳಗಿನ ತಟ್ಟೆಯನ್ನು ಯು ಆಕಾರದ ಬೋಲ್ಟಿನಿಂದ ಗಾಲಿಗಳ ನಡುವಿನ ಇರಸಿಗೆ ಬಿಗಿದಳು. ಹೊಸ ತೂತಿಲ್ಲ, ಬೆಸುಗೆ ಇಲ್ಲ. ಗಾಳಿಯ ಪೈಪನ್ನು ಸೈಲೆನ್ಸರಿನಿಂದ ದೂರ ಸರಿಸಿ ಕಟ್ಟಿದಳು. ಡಿಕ್ಕಿಯಲ್ಲಿ ಗಾಳಿ ತುಂಬುವ ಮೋಟಾರು, ಸ್ಟೀರಿಂಗಿನ ಹತ್ತಿರ ಗುಂಡಿ. ಗಾಡಿಯನ್ನು ಏರಿಸಿ ಇಳಿಸಿ, ಬ್ರೇಕಿನ ಪೈಪು ಎಳೆಯುತ್ತದೆಯೋ, ಗಾಲಿ ಎಲ್ಲಾದರೂ ಉಜ್ಜುತ್ತದೆಯೋ ನೋಡಿದಳು. ಸೋಪಿನ ನೊರೆ ಹಚ್ಚಿ ಗಾಳಿ ಸೋರುವುದನ್ನು ಹುಡುಕಿದಳು. ನಾನು ಬಗ್ಗಿ ಗಾಡಿಯ ಕೆಳಗೆ ತಲೆ ಹಾಕಿದರೆ ಬೈಯುತ್ತಿದ್ದಳು. ಗಾಳಿಯನ್ನು ನಂಬಿ ಕೆಳಗೆ ಹೋಗಬಾರದಂತೆ, ಮೊದಲು ಸ್ಟ್ಯಾಂಡು ಕೊಡಬೇಕಂತೆ.

ಭಾನುವಾರ ಕಾರನ್ನು ಬಾಗಿಲಿಗೆ ತಂದಳು. ಹೆಂಡತಿ ಇಳಕಲ್ ಸೀರೆ ಉಟ್ಟು, ಕೋಲೂರಿ ಕಟ್ಟೆಯ ಹತ್ತಿರ ಬಂದು ನಿಂತಳು. ಚಕ್ಕಡಿ ಇದ್ದ ಕಾಲದಿಂದಲೂ ನಮ್ಮಲ್ಲಿ ಹಿರಿಯ ಹೆಂಗಸು ಗಾಡಿ ಹತ್ತುವಾಗ ಕಾಲಿಗೆ ಎತ್ತರದ ಮಣೆ ಇಡುವುದು ರೂಢಿ. ಸೊಸೆ ಅದೇ ಭಕ್ತಿಯಿಂದ ಕಟ್ಟಿಗೆಯ ಮಣೆಗೆ ಅರಿಷಿಣ ಕುಂಕುಮ ಹಚ್ಚಿ, ತೆರೆದ ಹಿಂದಿನ ಬಾಗಿಲಿನ ಕೆಳಗೆ ತಂದು ಇಟ್ಟಳು. ಈ ಗಾಡಿಗೆ ಮಣೆ ಬೇಡವೆಂದು ಯಾರಿಗೂ ಹೊಳೆಯಲಿಲ್ಲ. ಮೊಮ್ಮಗಳು ಒಳಗಿನಿಂದ ಗುಂಡಿ ಒತ್ತಿದಳು. ಉಸ್ ಎಂದು ಗಾಡಿ ಇಳಿಯಿತು, ಇಳಿದು ಬಾಗಿಲಿನ ತಳ ಮಣೆಯ ಮೇಲೆ ಕೂತು ಕರ್ ಎಂದು ಕೂಗಿತು.

"ನಿಲ್ಲಸ! ನಿಲ್ಲಸ!" ಎಂದು ನಾನು ಕೂಗಿದೆ.

"ನಾ ಕೂಡೂಕಿಂತ ಮೊದಲ ಇದು ಒದರಾಕ ಹತ್ತೇತಿ. ಬ್ಯಾಡವ್ವಾ, ನೀವ ಹೋಗ್ರಿ" ಎಂದು ಹೆಂಡತಿ ಮನೆಯ ಕಡೆ ತಿರುಗಿದಳು.

ಮೊಮ್ಮಗಳು ಗೋಗರೆಯಲಿಲ್ಲ. ಗಾಡಿ ಏರಿಸಿದಳು, ಮಣೆ ತೆಗೆಸಿದಳು, ಬಾಗಿಲು ಆಡಿಸಿ ನೋಡಿ ಮತ್ತೆ ಇಳಿಸಿದಳು.

"ಆಯಿ, ನಿನ್ನ ಕುರ್ಚಿಯಷ್ಟ ಐತಿ. ನಾ ಅಂತೂ ಮುಟ್ಟಂಗಿಲ್ಲ. ಕೂಡು, ಇಲ್ಲಾಂದ್ರ ಬಿಡು."

ಹೆಂಡತಿ ಮತ್ತೆ ಈ ಕಡೆ ತಿರುಗಿ ಸೀಟನ್ನು ನೋಡಿದಳು. ಹತ್ತಿರ ಹೋಗಿ, ಬೆನ್ನು ತಿರುಗಿಸಿ, ಸೀಟಿನ ಅಂಚು ಹಿಡಿದು ಕೂತಳು. ಒಂದು ಕಾಲು ಒಳಗೆಳೆದುಕೊಂಡಳು, ತಡೆದು ಇನ್ನೊಂದು. ಗಾಡಿ ನಿಧಾನ ಮೇಲೆದ್ದಿತು. ಅವಳೂ ಎದ್ದಳು, ರಾಣಿಯ ಹಾಗೆ.

"ಏನ್ರೀ, ಬಾಯಿ ತಗದ ನಿಂತೀರಲ್ಲ, ಬಾಗಲಾ ಹಾಕ್ರಿ" ಎಂದಳು ನನಗೆ.

ನಾನು ಅತ್ತಿದ್ದು ನಿಜ. ಮಗನೂ ಸೊಸೆಯೂ ಸ್ಕೂಟರಿನಲ್ಲಿ ಹಿಂದೆ ಬಂದರು. ಹಳಿಯಾಳದಲ್ಲಿ ಗಾಡಿ ಮತ್ತೆ ಇಳಿಯಿತು. ಮಗಳು ಕೈ ಚಾಚಿ ಓಡಿ ಬಂದರೆ, "ಆ ಕಡೆ ಸರಿ, ನಾನ ಇಳಿತೇನಿ" ಎಂದು ಇವಳು ಇಳಿದಳು. ಕೋಲೂರಿಕೊಂಡು ನೆಟ್ಟಗೆ ಅಡುಗೆಮನೆಗೆ ಹೋಗಿ, ಒಲೆಕಟ್ಟೆ ತಗ್ಗಾಯಿತು, ಕಿಟಕಿ ಸಣ್ಣದಾಯಿತು ಎಂದು ತಪ್ಪು ತೆಗೆದಳು. ಮಗಳು ಬೈಸಿಕೊಂಡು ನಗುತ್ತಿದ್ದಳು. ಸಂಜೆ ಪಡಸಾಲೆಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಮೊಸರು. ಅವಳು ಕುರ್ಚಿಯಲ್ಲಿ, ನಾವೆಲ್ಲ ನೆಲದ ಮೇಲೆ ಸುತ್ತ ಕೂತು, ಒಟ್ಟಿಗೆ ಉಂಡೆವು.