ಕುಂಬಳಕಾಯಿ ಮಾರುವವನ ಮೀಸೆ

ಪ್ಯಾರಿಸ್ಸಿನಲ್ಲಿ ಬೆರ್ತೊ ಎಂಬವನ ಚಿತ್ರದಂಗಡಿಯ ಅಟ್ಟದಲ್ಲಿ ಯುಲಾಲಿ ಅಚ್ಚಾದ ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದಳು. ಮೇಜಿನ ಸುತ್ತ ನಾಲ್ಕು ಹೆಂಗಸರು, ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಕಲ್ಲಿನ ಮೇಲೆ ಬರೆದದ್ದು ಕಪ್ಪು ಮಸಿಯಲ್ಲಿ ಅಚ್ಚಾಗಿ, ಸರ್ಕಾರದ ಒಪ್ಪಿಗೆಯ ಮೊಹರು ಬಿದ್ದು ಅಟ್ಟಕ್ಕೆ ಬಂದರೆ, ಕೋಟಿಗೆ ನೀಲಿ ಒಬ್ಬಳು, ಕೆನ್ನೆಗೆ ಗುಲಾಬಿ ಇನ್ನೊಬ್ಬಳು. ಮೀಸೆ, ಕೂದಲು ಯುಲಾಲಿಯ ಪಾಲು. ಗಂಡ ತೀರಿಕೊಂಡ ಮೇಲೆ ಅವಳ ಒಲೆಯ ಮೇಲೆ ಸೂಪು ಕುದಿಯುತ್ತಿದ್ದುದು ಆ ಮೀಸೆಗಳ ದಯೆಯಿಂದಲೇ.

ಮಂತ್ರಿಗಳನ್ನು ಗೇಲಿ ಮಾಡುವ ಚಿತ್ರಗಳಿಗೆ ಆಗ ನಿಷೇಧ. ಬೆರ್ತೊ ಜಾಣ. ತಣ್ಣಗೆ ಕುಂಬಳಕಾಯಿ ಮಾರುವವನೊಬ್ಬನನ್ನು ಅಚ್ಚು ಹಾಕಿಸಿದ. ದೊಡ್ಡ ಹೊಟ್ಟೆ, ಗಿರಿಜಾ ಮೀಸೆ, ತಕ್ಕಡಿಯ ಮೇಲೆ ಹೆಬ್ಬೆರಳು. ಮೊಹರು ಸಲೀಸಾಗಿ ಬಿತ್ತು.

ಬಣ್ಣ ಹಚ್ಚಿ ಅಂಗಡಿಯ ಗಾಜಿನಲ್ಲಿ ತೂಗುಹಾಕಿದ ದಿನ ಬೀದಿ ತುಂಬ ನಗು. ಯುಲಾಲಿಗೆ ಕುತೂಹಲ ತಡೆಯಲಾಗಲಿಲ್ಲ. ಕುಂಚ ಇಟ್ಟು ಕೆಳಗಿಳಿದು ಗುಂಪಿನೊಳಗೆ ತೂರಿದಳು.

"ಏನಣ್ಣ, ಕುಂಬಳಕಾಯಿ ನೋಡಿ ಇಷ್ಟೊಂದು ನಗೋದಾ?"

ಬ್ರೆಡ್ಡಿನ ಬುಟ್ಟಿ ಹೊತ್ತವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಯಾವ ಊರಮ್ಮ ನಿಂದು? ಆ ಕೆಂಚು ಮೀಸೆ ಹಣಕಾಸು ಮಂತ್ರೀದು! ಬೆರಳು ಎಲ್ಲಿದೆ ನೋಡು!"

ಯುಲಾಲಿ ಗಾಜಿಗೆ ಮೂಗು ತಾಗಿಸಿ ಮೀಸೆ ನೋಡಿದಳು. ಮಂತ್ರಿಯನ್ನು ಅವಳು ಕಂಡೇ ಇರಲಿಲ್ಲ. ಕೆಂಚು ಮೀಸೆ ಇದ್ದದ್ದು ಅವಳ ಗಂಡನಿಗೆ. ಕಳ್ಳನಿರಲಿ, ಕಾವಲುಗಾರನಿರಲಿ, ಅವಳ ಕೈ ಎಲ್ಲರಿಗೂ ಅದನ್ನೇ ಹಚ್ಚುತ್ತಿತ್ತು.

ಮಧ್ಯಾಹ್ನ ಪೊಲೀಸ್ ಅಧಿಕಾರಿ ಅಟ್ಟ ಹತ್ತಿದ. ಹಿಂದೆಯೇ ಬೆರ್ತೊ: "ಬಣ್ಣ ಹಚ್ಚಿದ್ದು ಇವಳು ಸ್ವಾಮಿ, ನಾನಲ್ಲ." ಲಾಭ ಹಂಚುವಾಗ ಇಷ್ಟು ಧಾರಾಳ ಅವನಲ್ಲಿ ಯಾರೂ ಕಂಡಿರಲಿಲ್ಲ.

"ಈ ಬಣ್ಣದ ಮೇಜನ್ನೇ ಎತ್ತಿಸಿಬಿಡ್ತೀನಿ," ಎಂದ ಅಧಿಕಾರಿ. ನಾಲ್ವರ ಅನ್ನವೂ ಆ ಮೇಜಿನ ಮೇಲೆಯೇ ಇತ್ತು. "ಮೀಸೆಗೆ ಕೆಂಚು ಯಾಕೆ ಹಚ್ಚಿದೆ?"

"ನನ್ನ ಗಂಡನ ಮೀಸೆ ಹಿಂಗೇ ಇತ್ತು ಸ್ವಾಮಿ."

"ಏನು ಮಾಡ್ತಿದ್ದ ನಿನ್ನ ಗಂಡ?"

"ತರಕಾರಿ ವ್ಯಾಪಾರ. ತಕ್ಕಡಿಗೆ ಬೆರಳೂ ಇಡ್ತಿದ್ದ, ಸುಳ್ಳು ಯಾಕೆ ಹೇಳ್ಲಿ. ತಮಗೆ ಬೇರೆ ಯಾರಾದ್ರೂ ಕಂಡ್ರಾ?"

ಅಧಿಕಾರಿ ಚಿತ್ರವನ್ನು ಮಗುಚಿಟ್ಟ. ಮಂತ್ರಿಯ ಹೆಸರು ಹೇಳಿದರೆ ಹೋಲಿಕೆ ಒಪ್ಪಿಕೊಂಡಂತೆ.

"ಯಾರೂ ಇಲ್ಲ. ಕೆಂಚು ಮಾತ್ರ ಬೇಡ. ಬೇರೆ ಯಾವ ಬಣ್ಣನಾದ್ರೂ ಹಚ್ಕೋ."

ಬೆರ್ತೊಗೆ ಹೋದ ಜೀವ ಬಂತು. ಆ ಮಾತನ್ನು ಅಲ್ಲೇ ಬರೆಸಿಕೊಂಡ.

ಮರುದಿನ ಗಾಜಿನ ಹಿಂದೆ ಹಸಿರು ಮೀಸೆ. ಗುಂಪು ಬೀದಿಯ ಮೂಲೆಯಾಚೆಗೂ ಬೆಳೆಯಿತು.

"ಹಸಿರು ಯಾಕ್ರಪ್ಪಾ?"

"ಕೆಂಚು ಹಚ್ಚಬಾರದಂತೆ, ಪೊಲೀಸರ ಅಪ್ಪಣೆ."

"ಅದ್ಯಾಕಂತೆ?"

ತಲೆಗಳು ಹತ್ತಿರವಾಗುತ್ತಿದ್ದವು, ಹೆಸರೊಂದು ಕಿವಿ ಸೇರುತ್ತಿತ್ತು, ನಗು ಸಿಡಿಯುತ್ತಿತ್ತು. ಮಂತ್ರಿಯ ಮೀಸೆ ಯಾವ ಬಣ್ಣದ್ದೆಂದು ತಿಳಿಯದವರಿಗೂ ಈಗ ತಿಳಿಯಿತು. ಮೇಜು ಇದ್ದಲ್ಲೇ ಉಳಿಯಿತು. ಹಸಿರು ಅರೆದು ಅರೆದು ಹೆಂಗಸರ ಕೈಗಳು ಸೋತವು.

ಯುಲಾಲಿಗೆ ಒಂದೇ ಕುತೂಹಲ ಬಾಕಿ. ಭಾನುವಾರ ಮಂತ್ರಿಯ ಸಾರೋಟು ಹೋಗುವ ಬೀದಿಯಲ್ಲಿ ನೂಕಿ ನುಗ್ಗಿ ಮುಂದೆ ನಿಂತಳು. ಸಾರೋಟು ಬಂತು. ಒಳಗಿದ್ದ ಮಂತ್ರಿ ಮೀಸೆಯನ್ನು ಆಗಲೇ ನುಣ್ಣಗೆ ಬೋಳಿಸಿಕೊಂಡಿದ್ದ.

"ಛೇ," ಎಂದಳು ಯುಲಾಲಿ, "ನಮ್ಮವರ ಹೋಲಿಕೆ ಇದೆಯಾ ನೋಡೋಣ ಅಂತ ಬಂದಿದ್ದೆ."